ಅಕ್ಷರವಿಲ್ಲದ ಅಭಿಮಾನ



ರಾಜ್ಯೋತ್ಸವದ ದಿನ ವೇದಿಕೆಯ ಮಗ್ಗುಲಲ್ಲಿ ಸಾಲುಗಟ್ಟಿ ನಿಂತ ಮಕ್ಕಳ ಕೈಯಲ್ಲಿರುವ ಹಾಳೆಯನ್ನು ಯಾವಾಗಲಾದರೂ ನೋಡಿದ್ದೀರಾ? ಹಾಡು ಅಪ್ಪಟ ಕನ್ನಡದ್ದು. ಹಾಳೆಯ ಮೇಲಿನ ಅಕ್ಷರ ಮಾತ್ರ ಇಂಗ್ಲಿಷಿನದು. ಮಕ್ಕಳಷ್ಟೇ ಅಲ್ಲ, ಕಾರ್ಯಕ್ರಮ ನಿರೂಪಿಸುವ ದೊಡ್ಡವರ ಕೈಯ ಚೀಟಿಯೂ ಈಗೀಗ ರೋಮನ್ ಲಿಪಿಯಲ್ಲೇ ಇರುತ್ತದೆ. ಸಭೆ ಚಪ್ಪಾಳೆ ತಟ್ಟುತ್ತದೆ. ಅಮೆರಿಕದಲ್ಲಿ ಹುಟ್ಟಿದರೂ ಎಷ್ಟು ಚೆನ್ನಾಗಿ ಕನ್ನಡ ಹಾಡಿದರು ಎಂದು ಕಣ್ಣೊರೆಸಿಕೊಂಡು ನಾವೆಲ್ಲ ಬಿಸಿಬೇಳೆಭಾತಿನ ಸಾಲಿಗೆ ಹೋಗಿ ನಿಲ್ಲುತ್ತೇವೆ.

ಈ ಬರಹ ಆ ಚಪ್ಪಾಳೆಯ ವಿರುದ್ಧ. ಕೆಲವರಿಗೆ ಕಹಿ ಎನಿಸೀತು. ಯುಗಾದಿಗೆ ಬೇವು-ಬೆಲ್ಲ ಎರಡನ್ನೂ ಹಂಚುವ ಕೂಟ ನಮ್ಮದು. ಪತ್ರಿಕೆಯಲ್ಲಿ ಬೇವಿಗೂ ಎರಡು ಪುಟ ಇರಲಿ.

ನಾನು ಹೇಳಹೊರಟಿರುವುದು ಮೂರೇ ಮಾತು. ಒಂದು, ಓದು-ಬರಹವಿಲ್ಲದ ಕನ್ನಡ ಈ ನೆಲದಲ್ಲಿ ಇನ್ನೊಂದು ತಲೆಮಾರು ದಾಟುವುದಿಲ್ಲ. ಎರಡು, ಮಕ್ಕಳಿಗೆ ಮಾತ್ರ ಕಲಿಸುತ್ತೇವೆ ಎಂದು ಹೊರಟರೆ ಮಕ್ಕಳೂ ಕಲಿಯುವುದಿಲ್ಲ. ಮನೆಯ ದೊಡ್ಡವರಿಗೂ ಕಲಿಸಬೇಕು. ಮೂರು, ಈ ಕೆಲಸವನ್ನು ನಾಲ್ಕು ಜನ ಉತ್ಸಾಹಿ ತಾಯಂದಿರ ಹೆಗಲಿಗೆ ಹಾಕಿ ಕೂಟ ಕೈ ತೊಳೆದುಕೊಳ್ಳುವಂತಿಲ್ಲ.

"ಮಾತಾಡಿದರೆ ಸಾಕಲ್ಲವೇ?"

ಮೊದಲ ಆಕ್ಷೇಪಣೆ ಯಾವಾಗಲೂ ಇದೇ. ಮಗು ಅಜ್ಜಿ-ತಾತನ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಿದರೆ ಸಾಕು, ಲಿಪಿ ಯಾಕೆ ಬೇಕು?

ಸ್ವಾಮಿ, ಮನೆಯಲ್ಲಿ ನಾವು ಆಡುವ ಕನ್ನಡ ಎಷ್ಟು ಎಂದು ಒಂದು ವಾರ ಎಣಿಸಿ ನೋಡಿ. ಬಾ, ಊಟ ಮಾಡು, ಹಲ್ಲುಜ್ಜು, ಶೂ ಹಾಕ್ಕೋ, ಬೇಗ ಮಲಗು. ಆರು ವರ್ಷದ ಮಗುವಿಗೆ ಇದು ಸಾಕು. ಹದಿನಾರು ವರ್ಷದ ಹುಡುಗಿ ತನ್ನ ಮನಸ್ಸಿನ ಗೊಂದಲವನ್ನೋ ಕಾಲೇಜಿನ ಚಿಂತೆಯನ್ನೋ ಹೇಳಿಕೊಳ್ಳಬೇಕಾದರೆ ಈ ಮಾತುಗಳು ಸಾಲುತ್ತವೆಯೇ? ಸಾಲುವುದಿಲ್ಲ. ಆಗ ಅವಳು ಇಂಗ್ಲಿಷಿಗೆ ಹೊರಳುತ್ತಾಳೆ, ಅಪ್ಪ-ಅಮ್ಮನೂ ಹಿಂದೆಯೇ ಹೊರಳುತ್ತಾರೆ. ಊರಿನಲ್ಲಿ ಬೆಳೆಯುವ ಮಗುವಿಗೆ ಬೀದಿ, ಬಸ್ಸು, ಅಂಗಡಿ, ಜಗಳ, ಮದುವೆಮನೆ ಎಲ್ಲವೂ ಮಾತು ಕಲಿಸುತ್ತವೆ. ಫ್ರೀಮಾಂಟಿನಲ್ಲೋ ಸ್ಯಾನ್ ರಮೋನಿನಲ್ಲೋ ಬೆಳೆಯುವ ಮಗುವಿಗೆ ಬೀದಿಯ ಬದಲು ಪುಸ್ತಕವಿದೆ. ಅಡುಗೆಮನೆಯ ಕನ್ನಡವನ್ನು ಬೆಳೆಸಲು ಇಲ್ಲಿ ಬೇರೆ ದಾರಿ ಕಡಿಮೆ. ಪುಸ್ತಕ ತೆರೆಯಲು ಅಕ್ಷರ ಬೇಕು.

ರೋಮನ್ ಲಿಪಿಯಲ್ಲೇ ಬರೆದುಕೊಂಡರಾಯಿತು ಎನ್ನುವವರಿಗೆ ಒಂದೇ ಪ್ರಶ್ನೆ. ಆ ಲಿಪಿಯಲ್ಲಿ ನಾವು ದಿನಾ ಬರೆಯುವ ರೀತಿಯಲ್ಲಿ ಹಾಲು ಯಾವುದು, ಹಾಳು ಯಾವುದು? ಮನೆ ಯಾವುದು, ಮಣೆ ಯಾವುದು? ಕನ್ನಡ ಬಲ್ಲ ನಮಗೆ ಸಂದರ್ಭ ನೋಡಿ ತಿಳಿಯುತ್ತದೆ. ಮಗುವಿಗೆ ತಿಳಿಯುವುದಿಲ್ಲ. ಗೊತ್ತಿದ್ದವರು ಮಾತ್ರ ಓದಬಲ್ಲ ಲಿಪಿಯಿಂದ ಗೊತ್ತಿಲ್ಲದವರು ಕಲಿಯುವುದಾದರೂ ಹೇಗೆ?

ಇನ್ನು ನಮ್ಮ ಮಕ್ಕಳಿಗೆ ಅಕ್ಷರ ಕಷ್ಟ ಎಂಬ ಮಾತು. 1985ರಲ್ಲಿ ಬಾಲು ನಟರಾಜನ್ ಅಮೆರಿಕದ ರಾಷ್ಟ್ರೀಯ ಸ್ಪೆಲ್ಲಿಂಗ್ ಬೀ ಗೆದ್ದಾಗಿನಿಂದ ನಮ್ಮವರ ಮಕ್ಕಳು ಆ ಸ್ಪರ್ಧೆಯನ್ನು ಹೆಚ್ಚುಕಡಿಮೆ ಮನೆಯ ಆಟ ಮಾಡಿಕೊಂಡಿದ್ದಾರೆ. ಗ್ರೀಕ್ ಮೂಲದ, ಲ್ಯಾಟಿನ್ ಮೂಲದ, ಉಚ್ಚಾರಕ್ಕೂ ಬರಹಕ್ಕೂ ಸಂಬಂಧವೇ ಇಲ್ಲದ ಪದಗಳನ್ನು ಸಾವಿರಗಟ್ಟಲೆ ಬಾಯಿಪಾಠ ಮಾಡುವ ಮಗುವಿಗೆ, ಹೇಳಿದ ಹಾಗೆಯೇ ಬರೆಯುವ ನಮ್ಮ ಲಿಪಿ ಭಾರವೇ? ಭಾರವಾಗಿರುವುದು ಮಗುವಿಗಲ್ಲ. ನಮ್ಮ ಶನಿವಾರಗಳಿಗೆ.

ಒಂದು ಸಣ್ಣ ಲೆಕ್ಕ

ಲಿಪಿ ಸುಲಭ ಎಂದೆ. ಆದರೆ ಚಿಕ್ಕದಲ್ಲ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಅದರಲ್ಲಿನ 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ನಾನೂರಕ್ಕೂ ಮೇಲೆ. ಆಮೇಲೆ ಒತ್ತಕ್ಷರಗಳು ಬೇರೆ. ಬೆಂಗಳೂರಿನ ದಿ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಶಾಲೆಗಳ ಮಕ್ಕಳನ್ನು ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದ ಸಂಶೋಧನೆ ಇದನ್ನೇ ತೋರಿಸುತ್ತದೆ. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ಮಕ್ಕಳಿಗೆ ಒಂದೆರಡು ವರ್ಷವಲ್ಲ, ನಾಲ್ಕನೆಯ ತರಗತಿಯ ತನಕವೂ ಸಮಯ ಬೇಕಾಗುತ್ತದೆ. ಅದು ಸುತ್ತಲೂ ಕನ್ನಡವೇ ತುಂಬಿರುವ ಊರಿನಲ್ಲಿ!

ಈಗ ನಾವೆಲ್ಲ ಇಂಜಿನಿಯರುಗಳು ತಾನೆ, ಲೆಕ್ಕ ಹಾಕೋಣ. ಭಾರತದ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ಕನಿಷ್ಠ 200 ದಿನ. ದಿನಕ್ಕೆ 40 ನಿಮಿಷದ ಒಂದು ಕನ್ನಡ ಪೀರಿಯಡ್ ಎಂದು ಹಿಡಿದರೂ ವರ್ಷಕ್ಕೆ ಸುಮಾರು 133 ಗಂಟೆ, ನಾಲ್ಕು ವರ್ಷಕ್ಕೆ 530 ಗಂಟೆ. ಇಲ್ಲಿನ ವಾರಾಂತ್ಯದ ತರಗತಿ ಎರಡು ಗಂಟೆಯದು. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಬೇಸಿಗೆ ರಜ ಕಳೆದು ವರ್ಷಕ್ಕೆ 30 ವಾರ ನಡೆದರೆ ಅದೇ ಹೆಚ್ಚು. ಅಂದರೆ 60 ಗಂಟೆ. ಈ ವೇಗದಲ್ಲಿ 530 ಗಂಟೆ ಮುಟ್ಟಲು ಒಂಬತ್ತು ವರ್ಷ ಬೇಕು. ಆರು ವರ್ಷಕ್ಕೆ ಸೇರಿದ ಮಗು ಹದಿನೈದಕ್ಕೆ ಓದಲು ಕಲಿಯುತ್ತದೆ, ಅಷ್ಟು ದಿನ ತಪ್ಪದೆ ಬಂದರೆ.

ಎರಡು ವರ್ಷ ಕಳುಹಿಸಿದೆವು, ಏನೂ ಬರಲಿಲ್ಲ ಎಂದು ತರಗತಿಯ ಮೇಲೆ ಗೂಬೆ ಕೂರಿಸುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಿ.

ಈಗ ಲೆಕ್ಕದ ಎರಡನೆಯ ಭಾಗ. ಮನೆಯಲ್ಲಿ ದಿನಕ್ಕೆ ಹದಿನೈದೇ ನಿಮಿಷ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಕನ್ನಡ ಓದಿಸಿದರೆ, ವರ್ಷಕ್ಕೆ 300 ದಿನದಂತೆ 75 ಗಂಟೆ. ತರಗತಿಯ 60ಕ್ಕೆ ಇದನ್ನು ಸೇರಿಸಿ: 135. ಊರಿನ ಮಗುವಿನ ಪೀರಿಯಡ್ಡಿಗೆ ಸರಿಸಮ. ಒಂಬತ್ತು ವರ್ಷ ನಾಲ್ಕಕ್ಕೆ ಇಳಿಯಿತು. ತರಗತಿಗಿಂತ ಮನೆಯ ಹದಿನೈದು ನಿಮಿಷವೇ ದೊಡ್ಡದು ಎಂದಾಯಿತಲ್ಲ!

ಹಾಗಾದರೆ ಆ ಹದಿನೈದು ನಿಮಿಷ ಓದಿಸುವವರು ಯಾರು? ನಮ್ಮ ಸಮಸ್ಯೆಯ ಬೇರು ಇಲ್ಲಿದೆ.

ದೊಡ್ಡವರ ನಿರಕ್ಷರತೆ

ಈ ಶಬ್ದ ಕೇಳಿ ಕೋಪ ಬರಬಹುದು. ಎರಡೆರಡು ಡಿಗ್ರಿ, ಸಾಲದ್ದಕ್ಕೆ ಪಿಎಚ್‌.ಡಿ. ಇರುವವರ ಊರಿನಲ್ಲಿ ನಿರಕ್ಷರತೆಯೇ? ಹೌದು, ಕನ್ನಡದ ನಿರಕ್ಷರತೆ. ಬೆಂಗಳೂರಿನ ಕಾನ್ವೆಂಟುಗಳಲ್ಲಿ ಓದಿ, ಕನ್ನಡವನ್ನು ಮೂರನೆಯ ಭಾಷೆಯಾಗಿ ಮೂವತ್ತೈದು ಅಂಕಕ್ಕೆ ದಾಟಿಸಿ ಬಂದವರು ನಮ್ಮಲ್ಲಿ ಎಷ್ಟು ಜನ! ಮುಂಬಯಿಯಲ್ಲೋ ಚೆನ್ನೈಯಲ್ಲೋ ಬೆಳೆದು ಮನೆಮಾತು ಕನ್ನಡವಾಗಿಯೂ ಅಕ್ಷರ ಕಾಣದವರು ಎಷ್ಟು! ಕನ್ನಡಿಗರನ್ನು ಮದುವೆಯಾಗಿ, ನಮ್ಮ ನಾಟಕಗಳನ್ನು ಅರ್ಥವಾಗದಿದ್ದರೂ ನಗುನಗುತ್ತಾ ನೋಡುವ ಗುಜರಾತಿ ಸೊಸೆಯಂದಿರು, ಅಮೆರಿಕನ್ ಅಳಿಯಂದಿರು ಎಷ್ಟು! ಇವರಲ್ಲಿ ಯಾರ ತಪ್ಪೂ ಇಲ್ಲ. ಇವರಿಗೆ ಕಲಿಸುವ ಏರ್ಪಾಡನ್ನು ನಾವು ಮಾಡಲಿಲ್ಲ ಎಂಬುದು ಮಾತ್ರ ತಪ್ಪು.

ಮಕ್ಕಳಿಗೆ ಕಲಿಸಬೇಕಾದರೆ ಅಪ್ಪ-ಅಮ್ಮನಿಗೂ ಕಲಿಸಬೇಕು ಎಂಬುದು ನನ್ನ ಕಲ್ಪನೆಯಲ್ಲ. ನಮ್ಮ ವಿರೋಧಿಗಳಿಗೂ ಗೊತ್ತಿದ್ದ ಸತ್ಯ ಅದು. 1998ರಲ್ಲಿ ನಮ್ಮ ಕಣಿವೆಯವರೇ ಆದ ಉದ್ಯಮಿ ರಾನ್ ಅನ್ಜ್ ಮುಂದೆ ನಿಂತು ಪ್ರೊಪೊಸಿಷನ್ 227 ಎಂಬ ಮಸೂದೆಯನ್ನು ಮತದಾರರಿಂದ ಗೆಲ್ಲಿಸಿದರು. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ ದ್ವಿಭಾಷಾ ಶಿಕ್ಷಣವನ್ನು ಹೆಚ್ಚುಕಡಿಮೆ ನಿಲ್ಲಿಸಿದ ಕಾನೂನು ಅದು. ಮನೆಮಾತುಗಳಿಗೆ ಅದು ಮಾಡಿದ ಅನ್ಯಾಯವನ್ನು ನಾನು ಮರೆತಿಲ್ಲ. ಆದರೆ ಅದೇ ಕಾನೂನಿನ ಒಳಗೆ, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇವೆಂದು ಮಾತು ಕೊಡುವ ದೊಡ್ಡವರಿಗೆ ಉಚಿತವಾಗಿ ಇಂಗ್ಲಿಷ್ ಕಲಿಸಲು ವರ್ಷಕ್ಕೆ ಐದು ಕೋಟಿ ಡಾಲರಿನಂತೆ ಹತ್ತು ವರ್ಷ ಖರ್ಚು ಮಾಡಬೇಕೆಂದು ಬರೆದಿತ್ತು. ಇಂಗ್ಲಿಷ್ ಒಂದೇ ಸಾಕು ಎಂದವರಿಗೂ ದೊಡ್ಡವರನ್ನು ಬಿಟ್ಟು ಮಕ್ಕಳಿಗೆ ಕಲಿಸಲಾಗದು ಎಂಬುದು ತಿಳಿದಿತ್ತು. ಕನ್ನಡವೇ ಉಸಿರು ಎನ್ನುವ ನಮಗೆ ಯಾಕೆ ತಿಳಿಯಲಿಲ್ಲ?

ನಮ್ಮ ಸಾರ್ವಜನಿಕ ಗ್ರಂಥಾಲಯಗಳನ್ನೇ ನೋಡಿ. ಓದಲು ಬಾರದ ವಯಸ್ಕರಿಗೆ ಒಬ್ಬೊಬ್ಬ ಸ್ವಯಂಸೇವಕ ಒಂದೊಂದು ಮೇಜಿನ ಪಕ್ಕ ಕೂತು ಇಂಗ್ಲಿಷ್ ಓದಿಸುವ ಕಾರ್ಯಕ್ರಮವನ್ನು ಕ್ಯಾಲಿಫೋರ್ನಿಯಾ ರಾಜ್ಯ ಗ್ರಂಥಾಲಯ 1984ರಲ್ಲಿ ಆರಂಭಿಸಿತು. ಸ್ಯಾನ್ ಫ್ರಾನ್ಸಿಸ್ಕೋದ ಪ್ರಾಜೆಕ್ಟ್ ರೀಡ್, ಸ್ಯಾನ್ ಹೋಸೆಯ ಪಾರ್ಟ್‌ನರ್ಸ್ ಇನ್ ರೀಡಿಂಗ್ ಈ ಬಳಗದವು. ಸ್ವಲ್ಪ ಕಾಲದಲ್ಲೇ ಅವರಿಗೆ ಹೊಳೆದದ್ದು ಇದು: ಕಲಿಯಲು ಬರುವ ಅಮ್ಮನ ಕೈಗೆ ಅವಳ ಪುಟ್ಟ ಮಗುವಿಗೆ ಓದಿ ಹೇಳುವ ಪುಸ್ತಕವನ್ನೂ ಕೊಡಬೇಕು. ಹಾಗೆಂದೇ ಕುಟುಂಬದ ಓದಿಗೆ ಬೇರೆ ವಿಭಾಗವನ್ನೇ ಮಾಡಿದರು. ತನ್ನ ಓದು ತನ್ನ ಮಗುವಿಗೆ ಉಪಯೋಗ ಎಂದರೆ ಎಂಥ ಸುಸ್ತಾದ ತಾಯಿಯೂ ಸಂಜೆ ಎದ್ದು ಬರುತ್ತಾಳೆ.

ನಲವತ್ತು ದಾಟಿದ ಮೇಲೆ ಅಕ್ಷರ ಹತ್ತುತ್ತದೆಯೇ ಎನ್ನುವವರಿಗೆ ನಮ್ಮ ನೆರೆಹೊರೆಯ ಚರಿತ್ರೆಯೇ ಉತ್ತರ. ಎರ್ನಾಕುಲಂ ಜಿಲ್ಲೆಯಲ್ಲಿ 1989ರಲ್ಲಿ ಸಾವಿರಾರು ಸ್ವಯಂಸೇವಕರು ದೋಣಿಗಳಲ್ಲಿ, ಜಗಲಿಗಳಲ್ಲಿ, ದೀಪದ ಬೆಳಕಿನಲ್ಲಿ ಕಲಿಸಿದರು. 1990ರ ಫೆಬ್ರವರಿಯಲ್ಲಿ ಅದು ಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಣೆಯಾಯಿತು. ತಮಿಳುನಾಡಿನ ಪುದುಕ್ಕೋಟೈಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಹಳ್ಳಿಯ ಹೆಂಗಸರು ಸಾವಿರಗಟ್ಟಲೆ ಸೈಕಲ್ ಕಲಿತರು. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಎಂಬ ಹಳ್ಳಿಯ ಹೆಂಗಸರು ರಾತ್ರಿ ಶಾಲೆಯ ಪಾಠದಲ್ಲಿ ಕುಡಿತದ ಕತೆಯೊಂದನ್ನು ಓದಿ, ಮಾತಾಡಿಕೊಂಡು, ಊರಿನ ಸಾರಾಯಿ ಅಂಗಡಿ ಮುಚ್ಚಿಸಿದರು. ಅದು 1992ರಲ್ಲಿ ಇಡೀ ರಾಜ್ಯದ ಚಳವಳಿಯಾಗಿ ಬೆಳೆದು, ಮರುವರ್ಷ ಸರ್ಕಾರವೇ ಸಾರಾಯಿ ನಿಲ್ಲಿಸಬೇಕಾಯಿತು. ಹಗಲೆಲ್ಲ ಕೂಲಿ ಮಾಡಿ ಬಂದ ಕೈಗಳು ಬಳಪ ಹಿಡಿದದ್ದು ಹೀಗೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಆ ತಾಯಂದಿರು ಸುಳ್ಳು ಮಾಡಿದರು. ಹವಾನಿಯಂತ್ರಿತ ಕೋಣೆಯಲ್ಲಿ ಕೂತ ನಮ್ಮ ಕೈಗೆ ಏನಾಗಿದೆ?

ಕನ್ನಡನಾಡಿಗೂ ಇದು ಹೊಸದಲ್ಲ. 1940ರ ದಶಕದಲ್ಲೇ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಗಳಿಗೆ ಅಕ್ಷರ ಕೊಂಡೊಯ್ದಿತು. ಅಕ್ಷರ ಕಲಿತವರು ಮರೆಯಬಾರದೆಂದು ಅವರಿಗಾಗಿಯೇ 'ಬೆಳಕು' ಎಂಬ ಪತ್ರಿಕೆಯನ್ನು ನಡೆಸಿತು. ಕಲಿಸುವುದು ಅರ್ಧ ಕೆಲಸ, ಕಲಿತವರ ಕೈಗೆ ಓದಲು ಏನಾದರೂ ಕೊಡುವುದು ಇನ್ನರ್ಧ ಎಂಬುದನ್ನು ನಮ್ಮ ಹಿರಿಯರು ಅಂದೇ ಅರಿತಿದ್ದರು.

ಎಲ್ಲಿ ಸೋಲುತ್ತೇವೆ?

ಸಾಕ್ಷರತೆಯ ಕಾರ್ಯಕ್ರಮ ಎಂದ ಮಾತ್ರಕ್ಕೆ ಎಲ್ಲವೂ ಗೆದ್ದಿಲ್ಲ. ವಾದ ಮಾಡುವವನು ಇದನ್ನೂ ಹೇಳಬೇಕು. ಭಾರತದ ಸಾಕ್ಷರತಾ ಆಂದೋಲನವನ್ನು ಪರಿಶೀಲಿಸಿದ ಅರುಣ್ ಘೋಷ್ ಸಮಿತಿ 1994ರಲ್ಲೇ ಎಚ್ಚರಿಸಿತ್ತು: ಆಂದೋಲನದ ಬಿಸಿ ಆರಿದ ಮೇಲೆ ಮುಂದುವರಿದ ಓದು ಇಲ್ಲದಿದ್ದರೆ ಕಲಿತದ್ದು ಕೈಜಾರುತ್ತದೆ. ಅಮೆರಿಕದಲ್ಲಿ 1988ರಲ್ಲಿ ಕೇಂದ್ರ ಸರ್ಕಾರ ಈವನ್ ಸ್ಟಾರ್ಟ್ ಎಂಬ ಹೆಸರಿನಲ್ಲಿ ಬಡ ಕುಟುಂಬಗಳ ಅಪ್ಪ-ಅಮ್ಮ-ಮಕ್ಕಳಿಗೆ ಒಟ್ಟಾಗಿ ಕಲಿಸುವ ಯೋಜನೆ ತಂದಿತು. 2003ರ ಮೌಲ್ಯಮಾಪನದಲ್ಲಿ, ಯೋಜನೆಗೆ ಸೇರಿದವರಿಗೂ ಸೇರದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೇರಿದ ಕುಟುಂಬಗಳು ತರಗತಿಯಲ್ಲಿ ಕಳೆದ ಸಮಯವೇ ಕಡಿಮೆ ಎಂಬುದೂ ಅದರಲ್ಲಿ ಕಂಡುಬಂತು.

ಹಾಗಾದರೆ ಕುಟುಂಬದ ಓದು ವ್ಯರ್ಥವೇ? ಅಲ್ಲ. ಹೆಸರು ನೋಂದಾಯಿಸಿ ಫೋಟೋ ತೆಗೆಸಿಕೊಂಡರೆ ವಿದ್ಯೆ ಬರುವುದಿಲ್ಲ, ಗಂಟೆಗಳು ಬೇಕು. ಮೇಲಿನ ಲೆಕ್ಕ ಹೇಳಿದ್ದೂ ಅದನ್ನೇ. ಆಗಸ್ಟಿನಲ್ಲಿ ತುಂಬಿ ತುಳುಕುವ ತರಗತಿ ಫೆಬ್ರವರಿಯಲ್ಲಿ ಅರ್ಧವಾಗುವ ಊರಿನವರು ನಾವು. ಸಾಕರ್ ಸೀಸನ್ ಬಂತು, ಕುಮಾನ್ ಇದೆ, ಬರ್ತ್‌ಡೇ ಪಾರ್ಟಿ ಇದೆ. ಕನ್ನಡದ ಟೀಚರ್ ಮಾತ್ರ ಬಾಡಿಗೆಗೆ ಹಿಡಿದ ಶಾಲೆಯ ಕೋಣೆಯಲ್ಲಿ, ಕುರ್ಚಿ ಸರಿಮಾಡಿ, ಬೋರ್ಡ್ ಒರೆಸಿ, ಯಾರ ಗಮ್ ಮೇಜಿಗೆ ಅಂಟಿದರೂ ತಾನೇ ಉತ್ತರ ಹೇಳುವೆನೆಂದು ಸಹಿ ಹಾಕಿ ಕಾಯುತ್ತಿರುತ್ತಾರೆ. ಸಂಬಳವಿಲ್ಲ, ವೇದಿಕೆಯಿಲ್ಲ. ವರ್ಷಕ್ಕೊಮ್ಮೆ ಒಂದು ಶಾಲು.

ಕಾಸರಗೋಡಿನ ಕನ್ನಡಿಗರನ್ನು ನೆನೆಯಿರಿ. 1956ರಲ್ಲಿ ಆ ನಾಡು ಕೇರಳಕ್ಕೆ ಸೇರಿದ ಮೇಲೆ ಅಲ್ಲಿನ ಕನ್ನಡ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟರನ್ನು ನೇಮಿಸಿದಾಗೆಲ್ಲ ತಂದೆತಾಯಿಗಳು, ಮಕ್ಕಳು ಬೀದಿಗಿಳಿದು ಪ್ರತಿಭಟಿಸಿದ್ದಾರೆ. ಅಲ್ಲಿ ಮಕ್ಕಳಿದ್ದಾರೆ, ಕನ್ನಡದ ಮೇಷ್ಟರಿಗಾಗಿ ಹೋರಾಟ. ಇಲ್ಲಿ ಮೇಷ್ಟರು ಕಾದು ಕೂತಿದ್ದಾರೆ, ಮಕ್ಕಳು ಈಜುಕೊಳದಲ್ಲಿದ್ದಾರೆ.

ಇಲ್ಲಿ ಅಡ್ಡಿ ಮಾಡುವವರು ಯಾರು?

ಸರ್ಕಾರವಂತೂ ಅಲ್ಲ. ಈ ಊರಿನಲ್ಲಿ ಮನೆಮಾತಿನ ಶಾಲೆ ನಡೆಸುವುದು ಒಂದು ಕಾಲಕ್ಕೆ ಸುಲಭವಿರಲಿಲ್ಲ. ಜಪಾನೀಯರು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1911ರಲ್ಲೇ ಕಿನ್‌ಮೊನ್ ಗಾಕುಯೆನ್ ಎಂಬ ಭಾಷಾಶಾಲೆ ಕಟ್ಟಿದರು. 1942ರಲ್ಲಿ ಅವರನ್ನೆಲ್ಲ ಶಿಬಿರಗಳಿಗೆ ಅಟ್ಟಿದಾಗ ಅದೇ ಕಟ್ಟಡದಲ್ಲಿ ಅವರ ಹೆಸರು ಬರೆಸಿಕೊಳ್ಳಲಾಯಿತು. ಯುದ್ಧ ಮುಗಿದ ಮೇಲೆ ಅವರು ಮತ್ತೆ ಬಂದು ಶಾಲೆಯನ್ನು ತೆರೆದರು. ಹವಾಯಿಯಲ್ಲಿ ಇಂಥ ಶಾಲೆಗಳ ಕತ್ತು ಹಿಸುಕುವ ಕಾನೂನುಗಳನ್ನು ಸುಪ್ರೀಂ ಕೋರ್ಟ್ 1927ರಲ್ಲಿ ತಳ್ಳಿಹಾಕಿತು. ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ತಂದೆತಾಯಿಗಳು ಹೂಡಿದ ಲಾವ್ ಮೊಕದ್ದಮೆಯಲ್ಲಿ, ಇಂಗ್ಲಿಷ್ ಬಾರದ ಮಗುವನ್ನು ಸುಮ್ಮನೆ ತರಗತಿಯಲ್ಲಿ ಕೂರಿಸಿದರೆ ಸಮಾನ ಶಿಕ್ಷಣ ಕೊಟ್ಟಂತಾಗುವುದಿಲ್ಲ ಎಂದು 1974ರಲ್ಲಿ ಅದೇ ಕೋರ್ಟ್ ಹೇಳಿತು. ಬೇರೆಯವರು ಬೆವರು ಸುರಿಸಿ ಗೆದ್ದ ಹಕ್ಕುಗಳ ಮೇಲೆ ನಾವು ಕಾರ್ ಪಾರ್ಕ್ ಮಾಡಿಕೊಂಡಿದ್ದೇವೆ.

ಪ್ರೊಪೊಸಿಷನ್ 227ರ ಬಹುಭಾಗವನ್ನೂ 2016ರಲ್ಲಿ ಮತದಾರರೇ ತೆಗೆದುಹಾಕಿದರು. ಅದಕ್ಕೂ ಮೊದಲೇ, 2012ರಿಂದ, ಇಂಗ್ಲಿಷಿನ ಜೊತೆ ಇನ್ನೊಂದು ಭಾಷೆಯನ್ನು ಚೆನ್ನಾಗಿ ಬಲ್ಲ ಹೈಸ್ಕೂಲ್ ವಿದ್ಯಾರ್ಥಿಯ ಡಿಪ್ಲೊಮಾಕ್ಕೆ ಕ್ಯಾಲಿಫೋರ್ನಿಯಾ ದ್ವಿಭಾಷಾ ಸಾಕ್ಷರತೆಯ ಮುದ್ರೆ ಒತ್ತುತ್ತಿದೆ. ದೇಶದಲ್ಲೇ ಇಂಥ ಮೊದಲ ಕಾನೂನು ನಮ್ಮ ರಾಜ್ಯದ್ದು. ಮುದ್ರೆಯ ಹೆಸರನ್ನು ಗಮನಿಸಿ: ಸಾಕ್ಷರತೆ. ಅಜ್ಜಿಯ ಜೊತೆ ಫೋನಿನಲ್ಲಿ ಮಾತಾಡಬಲ್ಲೆ ಎಂದರೆ ಅದು ಸಿಗುವುದಿಲ್ಲ.

ನೆರೆಯವರನ್ನೂ ನೋಡೋಣ. ತಮಿಳರು ಈ ಕಣಿವೆಯಲ್ಲೇ 1998ರಲ್ಲಿ ಕ್ಯಾಲಿಫೋರ್ನಿಯಾ ತಮಿಳ್ ಅಕಾಡೆಮಿ ಆರಂಭಿಸಿದರು. ಸಿಲಿಕಾನ್ ಆಂಧ್ರದವರ ಮನಬಡಿ 2007ರಲ್ಲಿ ಬಂತು. ಎರಡೂ ಇಲ್ಲಿಂದ ಹೊರಟು ದೇಶದ ಉದ್ದಗಲಕ್ಕೆ ಹಬ್ಬಿವೆ. ನಮ್ಮಲ್ಲೂ ಕನ್ನಡ ಕಲಿ ತರಗತಿಗಳಿವೆ, ಕನ್ನಡ ಅಕಾಡೆಮಿಯ ಪಠ್ಯವಿದೆ, ಶ್ರದ್ಧೆಯ ಶಿಕ್ಷಕರಿದ್ದಾರೆ. ಇವರನ್ನು ನಾನು ದೂರುತ್ತಿಲ್ಲ, ಇವರ ಪರವಾಗಿಯೇ ಬರೆಯುತ್ತಿದ್ದೇನೆ. ಕೊರತೆ ಇರುವುದು ಸಮುದಾಯದ ಆಸಕ್ತಿಯಲ್ಲಿ. ಅಮೆರಿಕದ ಜನಗಣತಿ ಇಲಾಖೆಯ ಭಾಷಾಪಟ್ಟಿಯಲ್ಲಿ 2016ರಿಂದ ತಮಿಳಿಗೆ ಒಂದು ಸಾಲು, ತೆಲುಗಿಗೆ ಒಂದು ಸಾಲು. ನಮಗೆ "ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು" ಎಂಬ ಕೂಡುಕುಟುಂಬದ ಸಾಲು. 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಾಗ ಪಟಾಕಿ ಹೊಡೆದವರು ಈ "ಅಥವಾ ಇತರ"ವನ್ನೂ ಒಮ್ಮೆ ಓದಿಕೊಳ್ಳಲಿ.

ಊರಿನಲ್ಲೇ ಯಾರು ಓದುತ್ತಾರೆ ಎಂಬ ಕುಹಕವೂ ಇದೆ. 1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡ 56. 2011ರಲ್ಲಿ ಶೇಕಡ 75 ದಾಟಿತು. ಹೆಂಗಸರಲ್ಲಿ ಶೇಕಡ 44 ಇದ್ದದ್ದು 68ಕ್ಕೆ ಏರಿತು. ಹೊಸದಾಗಿ ಅಕ್ಷರಸ್ಥರಾದ ಇಷ್ಟು ಜನ ಇರುವ ಭಾಷೆಗೆ ಓದುಗರಿಲ್ಲ ಎನ್ನುವುದು ಹೇಗೆ? ಅಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕೊರೋನಾ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ 'ಓದುವ ಬೆಳಕು' ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳನ್ನು ಅಲ್ಲಿಗೆ ಕರೆದು ಪುಸ್ತಕ ಕೊಟ್ಟರು. ಬೆಂಗಳೂರಿನ ಒಂದು ಮಾಲ್ ನೋಡಿಕೊಂಡು ಬಂದು ಕನ್ನಡ ಸತ್ತಿತು ಎನ್ನುವವರು ಒಂದು ಪಂಚಾಯತಿಯನ್ನೂ ನೋಡಿ ಬರಲಿ.

ಕೂಟ ಮಾಡಬೇಕಾದದ್ದು

ಬರೀ ಬೈದು ಮುಗಿಸುವುದು ಸುಲಭ. ಆದ್ದರಿಂದ ಕೂಟದ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಗೆ ಐದು ಸೂಚನೆಗಳನ್ನು ಇಡುತ್ತಿದ್ದೇನೆ.

ಒಂದು. ಮಕ್ಕಳ ತರಗತಿ ನಡೆಯುವ ಅದೇ ಎರಡು ಗಂಟೆ, ಅದೇ ಶಾಲೆಯ ಪಕ್ಕದ ಕೋಣೆಯಲ್ಲಿ ದೊಡ್ಡವರ ತರಗತಿ ನಡೆಯಲಿ. ಮಗುವನ್ನು ಇಳಿಸಿ ಕಾರಿನಲ್ಲಿ ಫೋನ್ ತೀಡುತ್ತಾ ಕೂರುವ ಅಪ್ಪಂದಿರಿಗೆ, ಕನ್ನಡೇತರ ಅಳಿಯ-ಸೊಸೆಯಂದಿರಿಗೆ, ಕಾನ್ವೆಂಟಿನ ಮೂರನೆಯ ಭಾಷೆಯವರಿಗೆ ಅಲ್ಲಿ ಜಾಗವಿರಲಿ. ಯಾರನ್ನೂ ಹಂಗಿಸಬಾರದು. ಅ ಆ ಇ ಈ ಎಂದು 49ನ್ನೂ ಒಪ್ಪಿಸುವ ಹಳೆಯ ಕ್ರಮವೂ ಬೇಡ. ಕರ್ನಾಟಕದ ಶಾಲೆಗಳಲ್ಲಿ ಮಾಡಿದಂತೆ ರ ಗ ಸ ದ ಅ ಎಂಬ ಐದರಿಂದ ಆರಂಭಿಸಿ. ಮೊದಲ ದಿನವೇ ಅರಸ, ಅಗಸ, ಸರ, ದಸರ ಓದಿಸಬಹುದು. ಮೊದಲ ದಿನ ಒಂದು ಪದ ಓದಿದವರು ಎರಡನೆಯ ದಿನ ಬಂದೇ ಬರುತ್ತಾರೆ.

ಎರಡು. ಊರಿನಿಂದ ಬಂದು ಮಕ್ಕಳ ಮನೆಯಲ್ಲಿರುವ ತಾಯಿ-ತಂದೆಯರನ್ನು ಮೇಷ್ಟರನ್ನಾಗಿ ಮಾಡೋಣ. ಅವರಲ್ಲಿ ನಿವೃತ್ತ ಶಿಕ್ಷಕರಿದ್ದಾರೆ. ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಕಿಟಕಿಯಿಂದ ರಸ್ತೆ ನೋಡುತ್ತಾ ಹೊತ್ತು ಕಳೆಯುವ ಆ ಹಿರಿಯರ ಕೈಯಲ್ಲಿ ನಮ್ಮ ಅತಿ ದೊಡ್ಡ ಆಸ್ತಿ ಇದೆ. ಬದಲಿಗೆ ಅವರಿಗೂ ಕಲಿಸೋಣ. ಇಲ್ಲಿಯೇ ನೆಲೆಸಿದ ಹಿರಿಯರಲ್ಲಿ ಬಸ್ಸಿನ ಬೋರ್ಡು, ಔಷಧದ ಚೀಟಿ, ಕ್ಲಿನಿಕ್ಕಿನ ಫಾರಂ ಓದಲಾಗದೆ ಮಗನ ರಜೆಗಾಗಿ ಕಾಯುವವರಿದ್ದಾರೆ. ಅವರನ್ನು ಅಡಲ್ಟ್ ಸ್ಕೂಲಿನ ಇಂಗ್ಲಿಷ್ ತರಗತಿಗೆ ಕರೆದೊಯ್ಯುವ ಕಾರ್‌ಪೂಲ್ ವ್ಯವಸ್ಥೆಯನ್ನು ಕೂಟ ಮಾಡಲಿ. ಸಾಕ್ಷರತೆ ಎಂದರೆ ಕನ್ನಡ ಮಾತ್ರ ಎಂದು ನಾನು ಹೇಳುತ್ತಿಲ್ಲ. ಮೊಮ್ಮಗಳು ಅಜ್ಜಿಗೆ ಇಂಗ್ಲಿಷ್, ಅಜ್ಜಿ ಮೊಮ್ಮಗಳಿಗೆ ಕನ್ನಡ. ಇದಕ್ಕಿಂತ ಒಳ್ಳೆಯ ಸಾಲ-ಸಂದಾಯ ಯಾವುದಿದೆ?

ಮೂರು. ಪ್ರತಿ ಸಭೆಯಲ್ಲಿ ಊಟದ ಮೇಜಿನ ಪಕ್ಕ ಒಂದು ಪುಸ್ತಕದ ಮೇಜು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡದ ಮಕ್ಕಳ ಕತೆಗಳು ಉಚಿತವಾಗಿವೆ. ಮುದ್ರಿಸಿ ಹಂಚಲೂ ಅವರದು ಮುಕ್ತ ಪರವಾನಗಿ. ಈ ಪತ್ರಿಕೆಯನ್ನು ತೆಗೆಯುವ ಅದೇ ಜೆರಾಕ್ಸ್ ಯಂತ್ರದಲ್ಲಿ ಅವನ್ನೂ ತೆಗೆಯಬಹುದು. ಊರಿಗೆ ಹೋದವರು ಹಪ್ಪಳ-ಸಂಡಿಗೆಯ ಜೊತೆ ಎರಡು ಮಕ್ಕಳ ಪುಸ್ತಕ ತರಲಿ. ನಮ್ಮೂರಿನ ಗ್ರಂಥಾಲಯದ ಕಪಾಟಿನಲ್ಲಿ ಕನ್ನಡ ಬೇಕೆಂದು ಅರ್ಜಿ ಹಾಕೋಣ, ಬಂದ ಪುಸ್ತಕವನ್ನು ತೆಗೆದುಕೊಂಡು ಹೋಗಿ ಓದೋಣ. ಯಾರೂ ಮುಟ್ಟದ ಪುಸ್ತಕವನ್ನು ಯಾವ ಗ್ರಂಥಾಲಯವೂ ಬಹಳ ಕಾಲ ಇಟ್ಟುಕೊಳ್ಳುವುದಿಲ್ಲ.

ನಾಲ್ಕು. ಪ್ರತಿ ಟಿಕೆಟ್ಟಿನಿಂದ ಒಂದು ಡಾಲರ್ ಓದಿನ ನಿಧಿಗೆ. ಕೋಣೆಯ ಬಾಡಿಗೆ, ವಿಮೆ, ಪುಸ್ತಕ ಇದರಿಂದ ನಡೆಯಲಿ. ಟೀಚರ್ ಕೈಯಿಂದ ಹಾಕುವುದು ನಿಲ್ಲಲಿ. ಊರಿನಿಂದ ಕಲಾವಿದರನ್ನು ಕರೆಸಬೇಡಿ ಎನ್ನುವುದಿಲ್ಲ. ಅವರಾಡುವ ಮಾತು ಅರ್ಥವಾಗುವ ಪ್ರೇಕ್ಷಕರು ಇಪ್ಪತ್ತು ವರ್ಷದ ಮೇಲೂ ಇಲ್ಲಿರಬೇಕಲ್ಲವೇ?

ಐದು. ಮುಂದಿನ ರಾಜ್ಯೋತ್ಸವದಿಂದ ನಮ್ಮ ವೇದಿಕೆಯ ಮೇಲೆ ರೋಮನ್ ಲಿಪಿಯ ಹಾಳೆ ಬೇಡ. ಓದಬಲ್ಲ ಮಗು ಓದಿ ಹಾಡಲಿ. ಓದಲಾರದ ಮಗು ಬಾಯಿಪಾಠ ಮಾಡಿ ಹಾಡಲಿ, ನಾಚಿಕೆಯೇನಿಲ್ಲ. ಹತ್ತು ಹಾಡಿನ ಬದಲು ಎಂಟು ಹಾಡಿರಲಿ, ಉಳಿದ ಹೊತ್ತಿನಲ್ಲಿ ಆ ವರ್ಷ ಅಕ್ಷರ ಕಲಿತ ಇಬ್ಬರು ಎದ್ದುನಿಂತು ತಾವೇ ಬರೆದ ಐದು ಸಾಲು ಓದಲಿ: ಒಬ್ಬ ಹುಡುಗ, ಒಬ್ಬ ದೊಡ್ಡವರು. ತಡವರಿಸಲಿ, ಹ-ಅ ತಪ್ಪಲಿ. ಚಪ್ಪಾಳೆಯನ್ನು ಅವರಿಗೆ ತಟ್ಟೋಣ.

ಭಾಷೆಗಳ ಉಳಿವಿನ ಬಗ್ಗೆ ಬಾಳೆಲ್ಲ ಬರೆದ ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು, ಭಾಷೆ ಮುಂದಿನ ತಲೆಮಾರಿಗೆ ದಾಟುವುದು ಮನೆಯಲ್ಲಿ ಮತ್ತು ನೆರೆಹೊರೆಯಲ್ಲಿ. ಶಾಲೆಯೊಂದನ್ನೇ ನೆಚ್ಚಿಕೊಂಡವರು ಸೋಲುತ್ತಾರೆ ಎಂದು. ಮನೆ ನಿಮ್ಮ ಕೈಯಲ್ಲಿದೆ. ನೆರೆಹೊರೆಯೆಂದರೆ ಈ ದೇಶದಲ್ಲಿ ನಮಗೆ ಕೂಟವೇ. ಎರಡೂ ಕೈಬಿಟ್ಟರೆ ಶನಿವಾರದ ಎರಡು ಗಂಟೆ ಏನು ಮಾಡೀತು?

ನಾನು ಹೇಳಿದ್ದರಲ್ಲಿ ತಪ್ಪಿದೆ ಎನ್ನುವವರು ದಯವಿಟ್ಟು ಸಂಪಾದಕರಿಗೆ ಬರೆಯಿರಿ. ಉಗ್ರವಾಗಿಯೇ ಬರೆಯಿರಿ, ಬೇಸರವಿಲ್ಲ. ಒಂದೇ ಕೋರಿಕೆ: ಕನ್ನಡ ಅಕ್ಷರದಲ್ಲಿ, ನಿಮ್ಮ ಕೈಯಾರೆ ಬರೆದು ಕಳುಹಿಸಿ. ಬರೆಯಲು ಬರುವುದಿಲ್ಲ ಎನ್ನುವವರು ಶನಿವಾರ ಬೆಳಿಗ್ಗೆ ತರಗತಿಗೆ ಬನ್ನಿ. ರ ಗ ಸ ದ ಅ ದಿಂದ ಶುರು ಮಾಡೋಣ.

ಇಂತು ನಿಮ್ಮ ವಿಶ್ವಾಸಿ,
ಕೂಟದ ಒಬ್ಬ ಸದಸ್ಯ